ಮರದೊಳಗಿನ ಸೀಸ: ಅಮೆರಿಕದ ಕಾಡುಗುರಿಗಳ ಒಂದು ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೆಂಟಕಿ, ಟೆನೆಸ್ಸಿ, ಜಾರ್ಜಿಯಾ ಕಡೆಯ ಹಳ್ಳಿಗಳಲ್ಲಿ ಗುರಿ ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಬಹುಮಾನಕ್ಕೆ ಸಾಮಾನ್ಯವಾಗಿ ಒಂದು ಕೊಬ್ಬಿದ ದನ. ಪಂದ್ಯಕ್ಕೆ ಬಂದವರು ಒಂದು ಈಡಿಗೆ ಇಷ್ಟು ಎಂದು ದುಡ್ಡು ಕಟ್ಟುತ್ತಿದ್ದರು. ಕೊನೆಗೆ ದನವನ್ನು ಕಡಿದು ನಾಲ್ಕು ಪಾಲು ಮಾಡಿ, ಚೆನ್ನಾಗಿ ಹೊಡೆದವರು ಒಬ್ಬರಾದ ಮೇಲೊಬ್ಬರು ತಮಗೆ ಬೇಕಾದ ಪಾಲನ್ನು ಆರಿಸಿಕೊಳ್ಳುತ್ತಿದ್ದರು. ತೊಗಲು ಮತ್ತು ಕೊಬ್ಬು ಸೇರಿ ಐದನೆಯ ಪಾಲು. ಕೆಲವು ವಿವರಣೆಗಳಲ್ಲಿ ಆರನೆಯದೂ ಒಂದು ಬರುತ್ತದೆ. ಗುರಿಹಲಗೆಯನ್ನು ಆನಿಸಿ ನಿಲ್ಲಿಸಿದ್ದ ಮರದೊಳಗೆ ದಿನವಿಡೀ ಹೊಕ್ಕು ಕುಳಿತ ಸೀಸದ ಗುಂಡುಗಳೇ ಆ ಆರನೆಯ ಬಹುಮಾನ. ಅದನ್ನು ಗೆದ್ದವನು ಕೊಡಲಿ ತಂದು ಮರವನ್ನು ಕೆತ್ತಿ ಸೀಸವನ್ನು ಹೊರತೆಗೆಯಬೇಕು, ಮನೆಗೊಯ್ದು ಕರಗಿಸಿ ಮತ್ತೆ ಗುಂಡು ಎರಕ ಹೊಯ್ದುಕೊಳ್ಳಬೇಕು.

ಬಂದೂಕಿನ ಮೇಲಿನ ಮೋಹದಿಂದ ನಾನು ಈ ವಿಷಯಕ್ಕೆ ಬಂದವಳಲ್ಲ. ಹದಿನೆಂಟನೆಯ ಶತಮಾನದ ವಸಾಹತುಗಳಲ್ಲಿ ಸಾಮಾನ್ಯ ಜನರ ಕೈಯಲ್ಲಿ ಯಾವ ಯಾವ ವಸ್ತುಗಳಿದ್ದವು, ಅವನ್ನು ಅವರು ಹೇಗೆ ಬಳಸಿದರು ಎಂದು ಓದುತ್ತಾ ಹೋದಾಗ ಈ ಆರನೆಯ ಬಹುಮಾನ ಎದುರಾಯಿತು. ಅಲ್ಲಿಂದ ಮುಂದೆ ಒಂದು ಪ್ರಶ್ನೆ ಬಿಡದೆ ಕಾಡಿತು. ಅಮೆರಿಕದ ಬಗ್ಗೆ ನಾವು ಸಿನಿಮಾಗಳಲ್ಲಿ ಕಂಡ ಚಿತ್ರ ಒಂದಿದೆ: ಕಾಡಂಚಿನ ಒಂಟಿ ಬೇಟೆಗಾರ, ಉದ್ದ ನಳಿಗೆಯ ಬಂದೂಕು, ಗುರಿ ತಪ್ಪದ ಕಣ್ಣು, ಆ ಕಣ್ಣಿನಿಂದಲೇ ಗೆದ್ದುಕೊಂಡ ಸ್ವಾತಂತ್ರ್ಯ. ಮರವನ್ನು ಕೆತ್ತಿ ಸೀಸ ಹೆಕ್ಕುವ ಮನುಷ್ಯ ಆ ಚಿತ್ರದಲ್ಲಿ ಯಾಕಿಲ್ಲ? ಇನ್ನೂ ಯಾರು ಯಾರು ಇಲ್ಲ?

ಮೊದಲು ಆ ಬಂದೂಕನ್ನು ನೋಡೋಣ. ಮಲೆನಾಡಿನ ಕಥೆಗಳನ್ನು ಓದಿದವರಿಗೆ ಕೇಪಿನ ಕೋವಿ ಗೊತ್ತಿರುತ್ತದೆ. ನಳಿಗೆಯ ಬಾಯಿಂದ ಮಸಿಮದ್ದು ಸುರಿದು, ಮೇಲೆ ಗುಂಡು ಹಾಕಿ, ಕೋಲಿನಿಂದ ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಹೊಡೆಯುವ ಕೋವಿ ಅದು. ಕೇಪು ಬರುವುದಕ್ಕಿಂತ ಮುಂಚೆ ಆ ಜಾಗದಲ್ಲಿ ಚಕಮಕಿ ಕಲ್ಲು ಇತ್ತು. ಕುದುರೆ ಎಳೆದು ಬಿಟ್ಟರೆ ಅದರ ಬಾಯಲ್ಲಿ ಕಚ್ಚಿದ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಉದುರಿಸುತ್ತದೆ. ಕಿಡಿ ಪುಟ್ಟ ಬಟ್ಟಲಿನಲ್ಲಿಟ್ಟ ಮದ್ದಿಗೆ ಹತ್ತುತ್ತದೆ. ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ಹೋಗುತ್ತದೆ. ಇಷ್ಟೆಲ್ಲ ಆಗುವಷ್ಟು ಹೊತ್ತು, ಅದು ಕ್ಷಣದ ಒಂದು ತುಣುಕೇ ಆದರೂ, ಹೊಡೆಯುವವನ ಕೈ ಅಲುಗಬಾರದು. ಮುಖದ ಮುಂದೆಯೇ ಬೆಂಕಿ ಭಗ್ಗೆನ್ನುವಾಗ ಕಣ್ಣು ಮುಚ್ಚದೆ ನಿಲ್ಲುವುದೇ ಈ ವಿದ್ಯೆಯ ಮೊದಲ ಪಾಠ.

ಆ ಕಾಲದ ಸೈನಿಕರ ಕೈಯಲ್ಲಿದ್ದ ಮಸ್ಕೆಟ್ಟಿಗೂ ಈ ರೈಫಲ್ಲಿಗೂ ಇದ್ದ ವ್ಯತ್ಯಾಸ ನಳಿಗೆಯ ಒಳಗಿತ್ತು. ಮಸ್ಕೆಟ್ಟಿನ ನಳಿಗೆ ಒಳಗೆ ನುಣುಪು. ಗುಂಡು ನಳಿಗೆಗಿಂತ ಸಾಕಷ್ಟು ಸಣ್ಣದು, ಸಲೀಸಾಗಿ ಇಳಿಯುತ್ತದೆ. ಹೊರಡುವಾಗ ಅತ್ತಿತ್ತ ಬಡಿದುಕೊಂಡು ಯಾವ ಕಡೆಗೋ ಹೋಗುತ್ತದೆ. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಸಾಗುವ ತೋಡುಗಳಿರುತ್ತವೆ. ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಗುಂಡನ್ನು ಸುತ್ತಿ ಬಿಗಿಯಾಗಿ ಇಳಿಸಿದರೆ, ಬಟ್ಟೆ ಆ ತೋಡುಗಳನ್ನು ಹಿಡಿದುಕೊಳ್ಳುತ್ತದೆ. ಹೊಡೆದಾಗ ಗುಂಡು ಬುಗುರಿಯಂತೆ ತಿರುಗುತ್ತಾ ಹೊರಡುವುದರಿಂದ ನೆಟ್ಟಗೆ ಹೋಗುತ್ತದೆ. ಜಿಡ್ಡಿಲ್ಲದೆ ಈ ಬಿಗಿಯಾದ ಗುಂಡು ಇಳಿಯುವುದೇ ಕಷ್ಟ. ಕರಡಿಯದೋ ಜಿಂಕೆಯದೋ ಕೊಬ್ಬು, ಯಾವುದು ಸಿಕ್ಕರೆ ಅದು. ಈ ಜಿಡ್ಡಿನ ಮಾತು ಮುಂದೆ ನಮ್ಮ ದೇಶದ ಚರಿತ್ರೆಯಲ್ಲೂ ಬರುತ್ತದೆ.

ಈ ವಿದ್ಯೆ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಜರ್ಮನ್ ಸೀಮೆಗಳ ಬೇಟೆಗಾರರು ಗಿಡ್ಡ, ದಪ್ಪ ನಳಿಗೆಯ ರೈಫಲ್ಲುಗಳನ್ನು ಬಳಸುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಮತ್ತು ಸ್ವಿಸ್ ಕಸುಬುದಾರರು ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿ, ಅದೇ ಬಂದೂಕನ್ನು ಹೊಸ ನಾಡಿಗೆ ಒಗ್ಗಿಸಿದರು. ನಳಿಗೆ ಉದ್ದವಾಯಿತು, ಸಾಮಾನ್ಯವಾಗಿ 42ರಿಂದ 46 ಅಂಗುಲ. ಗುಂಡು ಸಣ್ಣದಾಯಿತು. ಹಿಡಿಕೆಗೆ ಅಲೆಯಲೆಯಾದ ಗೆರೆಗಳ ಮೇಪಲ್ ಮರ ಬಂತು, ಅದರ ಪಕ್ಕದಲ್ಲಿ ಜಿಡ್ಡಿನ ಬಟ್ಟೆ ಇಟ್ಟುಕೊಳ್ಳಲು ಹಿತ್ತಾಳೆ ಮುಚ್ಚಳದ ಒಂದು ಪುಟ್ಟ ಗೂಡು ಬಂತು. ಕಮ್ಮಾರ ಕಬ್ಬಿಣದ ಉದ್ದ ಪಟ್ಟಿಯನ್ನು ಕಾಯಿಸಿ ಸರಳಿನ ಸುತ್ತ ಮಡಚಿ, ಬಡಿದು ಬೆಸೆದು ನಳಿಗೆ ಮಾಡುತ್ತಿದ್ದ. ಆಮೇಲೆ ಒಳಗೆ ಕೊರೆದು, ಮರದ ಮಾರ್ಗದರ್ಶಿಯೊಂದರ ನೆರವಿನಿಂದ ಕತ್ತರಿಸುವ ಅಲಗನ್ನು ಮತ್ತೆ ಮತ್ತೆ ಎಳೆದು ಒಂದೊಂದೇ ತೋಡನ್ನು ಕೆತ್ತುತ್ತಿದ್ದ. ನಜರೆತ್ ಬಳಿಯ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿ ಮೊರೇವಿಯನ್ ಪಂಗಡದವರು ನಡೆಸುತ್ತಿದ್ದ ಬಂದೂಕಿನ ಕಾರ್ಖಾನೆಯೊಂದಿತ್ತು. ಆಯುಧ ಹಿಡಿದು ಯುದ್ಧಕ್ಕೆ ಹೋಗುವುದನ್ನು ಒಪ್ಪದ ಪಂಗಡ ಅದು. ಕೊಲ್ಲಲು ಹಿಂಜರಿಯುವವರ ಕೈಯಿಂದಲೇ ಆ ಕಾಲದ ಅತ್ಯಂತ ನಿಖರವಾದ ಆಯುಧಗಳು ತಯಾರಾಗುತ್ತಿದ್ದವು.

ಗುಂಡು ಸಣ್ಣದಾಗಲು ಕಾರಣವೇನೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಬ್ರಿಟಿಷ್ ಸೈನ್ಯದ ಮಸ್ಕೆಟ್ಟಿಗೆ ಒಂದು ಪೌಂಡ್ ಸೀಸದಲ್ಲಿ, ಅಂದರೆ ಸುಮಾರು 450 ಗ್ರಾಂನಲ್ಲಿ, ಹದಿನಾಲ್ಕು ಗುಂಡುಗಳಾಗುತ್ತವೆ. 0.45 ಅಂಗುಲದ ರೈಫಲ್ಲಿಗೆ ಅದೇ ಸೀಸದಲ್ಲಿ ಐವತ್ತಕ್ಕೂ ಹೆಚ್ಚು. ಗುಂಡು ಸಣ್ಣದಾದಷ್ಟೂ ಬೇಕಾಗುವ ಮದ್ದೂ ಕಡಿಮೆ. ಸೀಸ, ಮದ್ದು, ಉಪ್ಪು, ಕಬ್ಬಿಣ ಎಲ್ಲವೂ ಬೆಟ್ಟಸಾಲುಗಳನ್ನು ದಾಟಿ ಕುದುರೆಯ ಬೆನ್ನ ಮೇಲೆ ಬರಬೇಕಾದ ಜಾಗದಲ್ಲಿ ಇದು ದೊಡ್ಡ ಮಾತು.

ಆ ಜಾಗದ ಬದುಕನ್ನು ಅಲ್ಲಿಯೇ ಬೆಳೆದು ಬರೆದವನು ಜೋಸೆಫ್ ಡಾಡ್ರಿಜ್. ಪೆನ್ಸಿಲ್ವೇನಿಯಾ ಮತ್ತು ವರ್ಜೀನಿಯಾದ ಪಶ್ಚಿಮ ಗಡಿಯ ವಸತಿಗಳ ಬಗ್ಗೆ ಅವನ ಪುಸ್ತಕ 1824ರಲ್ಲಿ ಪ್ರಕಟವಾಯಿತು. ಒಂದು ಬುಷೆಲ್ ಉಪ್ಪಿಗೆ ಒಂದು ಒಳ್ಳೆಯ ಹಸು ಮತ್ತು ಕರುವನ್ನು ಕೊಡಬೇಕಿತ್ತು ಎಂದು ಅವನು ದಾಖಲಿಸುತ್ತಾನೆ. ಗುರಿ ಹೊಡೆಯುವ ಆಟದ ಬಗ್ಗೆಯೂ ಒಂದು ಪುಟ್ಟ ಭಾಗವಿದೆ. ಗಂಡಸರಿಗೆ ಅದು ಸಾಮಾನ್ಯ ಮನರಂಜನೆ, ಆದರೆ ಮದ್ದುಗುಂಡಿನ ದಾಸ್ತಾನು ಅನುವು ಮಾಡಿಕೊಟ್ಟಾಗ ಮಾತ್ರ. ಯಾವಾಗಲೂ ಹಾಗೆ ಅನುವಾಗುತ್ತಿರಲಿಲ್ಲ ಎಂದೂ ಅವನು ಹೇಳುತ್ತಾನೆ. ಇನ್ನೂ ಕುತೂಹಲದ ಸಂಗತಿ ಎಂದರೆ, ನಿಂತು ಕೈಯಲ್ಲಿ ಹಿಡಿದು ಹೊಡೆಯುವುದನ್ನು ಆ ಜನ ದೊಡ್ಡ ಪರೀಕ್ಷೆ ಎಂದು ಎಣಿಸುತ್ತಲೇ ಇರಲಿಲ್ಲ. ದಿಮ್ಮಿಯ ಮೇಲೋ ಮರದ ಮೋಟಿನ ಮೇಲೋ ನಳಿಗೆಯನ್ನು ಆನಿಸಿ ಹೊಡೆಯುತ್ತಿದ್ದರು. ಗಟ್ಟಿ ಮರಕ್ಕೆ ತಾಗಿ ನಳಿಗೆ ಪುಟಿದರೆ ಗುಂಡು ಗುರಿಯಿಂದ ಸರಿದೀತು ಎಂದು ಅದರ ಕೆಳಗೆ ಹಾವಸೆಯನ್ನು ಹಾಸುತ್ತಿದ್ದರು. ಮರದ ಪಕ್ಕಕ್ಕೆ ಆನಿಸುವುದಾದರೆ ಆದಷ್ಟು ಹಗುರವಾಗಿ ಒತ್ತುತ್ತಿದ್ದರು.

ಹಾವಸೆ ಹಾಸುವ ಈ ವಿವರ ನನಗೆ ತುಂಬ ಮುಖ್ಯವೆನಿಸುತ್ತದೆ. ಇಲ್ಲಿ ಕಾಣುವವನು ಕುದುರೆಯ ಮೇಲಿಂದ ಹಾರುತ್ತಾ ಗುಂಡು ಹಾರಿಸುವ ವೀರನಲ್ಲ, ಒಂದು ಗುಂಡೂ ವ್ಯರ್ಥವಾಗಬಾರದೆಂದು ಲೆಕ್ಕ ಹಾಕುವ ಗೃಹಸ್ಥ. ಗುರಿಪಂದ್ಯ ಅವನಿಗೆ ತನ್ನ ಬಂದೂಕನ್ನು ಅರಿತುಕೊಳ್ಳುವ ದಾರಿ: ಎಷ್ಟು ಮದ್ದಿಗೆ ಗುಂಡು ಎಷ್ಟು ದೂರ ನೆಟ್ಟಗೆ ಹೋಗುತ್ತದೆ, ಎಷ್ಟು ಈಡಿನ ಮೇಲೆ ನಳಿಗೆಯಲ್ಲಿ ಮಸಿ ಕಟ್ಟಿ ಒರೆಸಬೇಕಾಗುತ್ತದೆ, ತೇವದ ದಿನ ಏನಾಗುತ್ತದೆ. ಮಸಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆ ಮತ್ತು ಮಸಿಯ ರೂಪದಲ್ಲೇ ಉಳಿಯುತ್ತದೆ, ಹಾಗಾಗಿ ಈ ಅರಿವು ಪುಸ್ತಕದಿಂದ ಬರುವಂಥದ್ದಲ್ಲ. ಡಾಡ್ರಿಜ್ ಹೇಳುವಂತೆ ಹನ್ನೆರಡು ಹದಿಮೂರರ ಹುಡುಗನಿಗೆ ಒಂದು ಸಣ್ಣ ರೈಫಲ್ಲು ಕೊಡುತ್ತಿದ್ದರು. ಅಂದಿನಿಂದ ಅವನು ವಸತಿಯ ಕೋಟೆಯ ಸಿಪಾಯಿ, ಕೋಟೆಯ ಗೋಡೆಯಲ್ಲಿ ಅವನಿಗೊಂದು ಕಂಡಿ ಮೀಸಲು. ಹನ್ನೆರಡು ವರ್ಷದ ಹುಡುಗನನ್ನು ಕಂಡಿಯ ಹಿಂದೆ ನಿಲ್ಲಿಸುವ ಭಯ ಎಂಥದ್ದಿರಬೇಕು, ಆ ಭಯವನ್ನು ಹುಟ್ಟಿಸಿದ ನೆಲದ ಜಗಳ ಎಂಥದ್ದಿರಬೇಕು ಎಂಬುದನ್ನು ಆ ಒಂದೇ ಸಾಲಿನಿಂದ ಊಹಿಸಬಹುದು.

ಡಾಡ್ರಿಜ್‌ನ ಒಣ ವಿವರಗಳ ಪಕ್ಕದಲ್ಲಿ ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಬರೆದದ್ದನ್ನು ಇಟ್ಟರೆ ಚಿತ್ರ ಬಣ್ಣ ತುಂಬಿಕೊಳ್ಳುತ್ತದೆ. 1831ರಲ್ಲಿ ಪ್ರಕಟವಾಗತೊಡಗಿದ ತನ್ನ ಪಕ್ಷಿಗ್ರಂಥದ ನಡುನಡುವೆ ಅವನು ಕೆಂಟಕಿಯ ಜನಜೀವನದ ಬಗ್ಗೆ ಪುಟ್ಟ ಲೇಖನಗಳನ್ನು ಸೇರಿಸಿದ್ದಾನೆ. ಅವುಗಳಲ್ಲೊಂದರಲ್ಲಿ ಮೂರು ಆಟಗಳಿವೆ. ಒಂದು, ಮೊಳೆ ಹೊಡೆಯುವುದು: ಹಲಗೆಗೆ ಮೊಳೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿ, ಸುಮಾರು ನಲವತ್ತು ಹೆಜ್ಜೆ ದೂರದಿಂದ ಗುಂಡಿನಿಂದಲೇ ಅದನ್ನು ಪೂರ್ತಿ ಬಡಿಯಬೇಕು. ಮೊಳೆಯ ಪಕ್ಕಕ್ಕೆ ಬಿದ್ದರೆ ಸಾಧಾರಣ, ಮೊಳೆ ಬಾಗಿದರೆ ಪರವಾಗಿಲ್ಲ, ನೆತ್ತಿಗೆ ಬಿದ್ದರೆ ಮಾತ್ರ ಸರಿ. ಎರಡು, ಇರುಳಲ್ಲಿ ಐವತ್ತು ಗಜ ದೂರದಲ್ಲಿ ಉರಿಯುವ ಮೇಣದಬತ್ತಿಯ ಕುಡಿಯನ್ನು, ದೀಪ ಆರದಂತೆ, ಗುಂಡಿನಿಂದ ಕತ್ತರಿಸುವುದು. ಇದು ಬರೀ ಆಟವಲ್ಲ, ಇರುಳು ಬೇಟೆಯಲ್ಲಿ ಪ್ರಾಣಿಗಳ ಕಣ್ಣಿನ ಹೊಳಪಿಗೆ ಗುರಿಯಿಡುವ ಅಭ್ಯಾಸ ಎಂದೂ ಅವನು ವಿವರಿಸುತ್ತಾನೆ. ಮೂರನೆಯದು ಅಳಿಲಿಗೆ ಗುಂಡು ತಾಗಿಸದೆ, ಅದು ಕುಳಿತ ಕೊಂಬೆಯ ತೊಗಟೆಗೆ ಹೊಡೆದು, ಸಿಡಿದ ತೊಗಟೆಯ ರಭಸದಿಂದಲೇ ಅದನ್ನು ಬೀಳಿಸುವುದು. ಮಾಂಸವೂ ಹಾಳಾಗದು, ತೊಗಲೂ ಹಾಳಾಗದು.

ಈ ಮೂರನೆಯದನ್ನು ಖುದ್ದು ಡೇನಿಯಲ್ ಬೂನ್ ಮಾಡಿದ್ದನ್ನು ಫ್ರಾಂಕ್‌ಫರ್ಟ್ ಬಳಿ ಕಣ್ಣಾರೆ ಕಂಡೆ ಎಂದು ಆಡುಬಾನ್ ಹೇಳಿಕೊಳ್ಳುತ್ತಾನೆ. ಬೂನ್ ಎಂದರೆ ಕೆಂಟಕಿಯ ದಂತಕಥೆಯ ನಾಯಕ. ಆದರೆ ಬೂನ್ 1799ರಲ್ಲಿ ಕೆಂಟಕಿ ಬಿಟ್ಟು ಮಿಸೌರಿ ಕಡೆಗೆ ಹೊರಟುಹೋಗಿದ್ದ. ಆಡುಬಾನ್ ಕೆಂಟಕಿಯಲ್ಲಿ ಅಂಗಡಿ ಹಾಕಲು ಬಂದದ್ದು 1807ರಲ್ಲಿ. ಇಬ್ಬರೂ ಅಲ್ಲಿ ಭೇಟಿಯಾಗಿ ಅಳಿಲು ಬೇಟೆಗೆ ಹೋಗಿದ್ದನ್ನು ನಂಬುವುದು ಕಷ್ಟ. ಆಟ ನಿಜವಿರಬಹುದು, ಆಟಗಾರ ಬದಲಾಗಿದ್ದಾನೆ. ಯಾರೋ ಹೆಸರಿಲ್ಲದ ಬೇಟೆಗಾರನ ಕೈಚಳಕ ಪ್ರಸಿದ್ಧನೊಬ್ಬನ ಹೆಸರಿಗೆ ಜಮೆಯಾಗಿದೆ. ಮುಂದೆ ಇಡೀ ರೈಫಲ್ಲಿನ ಕಥೆಗೇ ಆದದ್ದು ಇದೇ.

*

ರೈಫಲ್ಲಿಗೆ ಕೀರ್ತಿ ತಂದದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧ. 1775ರ ಜೂನ್ 14ರಂದು ಅಲ್ಲಿನ ಕಾಂಗ್ರೆಸ್ಸು ಪೆನ್ಸಿಲ್ವೇನಿಯಾದಿಂದ ಆರು, ಮೇರಿಲ್ಯಾಂಡ್ ಮತ್ತು ವರ್ಜೀನಿಯಾದಿಂದ ತಲಾ ಎರಡು, ಹೀಗೆ ಹತ್ತು ರೈಫಲ್ ತುಕಡಿಗಳನ್ನು ಕಟ್ಟಲು ತೀರ್ಮಾನಿಸಿತು. ಗಡಿನಾಡಿನಿಂದ ಬಾಸ್ಟನ್ ಕಡೆಗೆ ನಡೆದು ಬಂದ ಈ ಜನ ದಾರಿಯ ಊರುಗಳಲ್ಲಿ ಪ್ರದರ್ಶನ ಕೊಡುತ್ತಾ ಬಂದರು. ಲ್ಯಾಂಕಾಸ್ಟರಿನಲ್ಲಿ ಒಬ್ಬ ಐದು ಅಂಗುಲ ಅಗಲ, ಏಳು ಅಂಗುಲ ಉದ್ದದ ಹಲಗೆಯ ತುಂಡನ್ನು ಹಿಡಿದುಕೊಂಡು ನಿಂತ. ಇನ್ನೊಬ್ಬ ಅರವತ್ತು ಗಜಕ್ಕೂ ಹೆಚ್ಚು ದೂರದಿಂದ, ಯಾವ ಆಸರೆಯೂ ಇಲ್ಲದೆ, ಒಂದಾದ ಮೇಲೊಂದರಂತೆ ಎಂಟು ಗುಂಡುಗಳನ್ನು ಅದರೊಳಗೆ ಹಾಯಿಸಿದ ಎಂದು ಆಗಿನ ಪತ್ರಿಕೆಗಳು ಬರೆದವು. ಸೈನ್ಯದ ವೈದ್ಯ ಜೇಮ್ಸ್ ಥ್ಯಾಚರ್ ತನ್ನ ದಿನಚರಿಯಲ್ಲಿ, ಇವರು ಮುನ್ನಡೆಯುತ್ತಲೇ 250 ಗಜ ದೂರದ ಏಳಂಗುಲದ ಗುರಿಗಳಿಗೆ ಹೊಡೆದರು ಎಂದು ದಾಖಲಿಸಿದ.

ಡಾಡ್ರಿಜ್‌ನ ಹಾವಸೆಗೂ ಈ ಹಲಗೆಗೂ ಇರುವ ಅಂತರವನ್ನು ಗಮನಿಸಬೇಕು. ಕಾಡಿನಲ್ಲಿ ಸೀಸ ಉಳಿಸಲು ನಡೆಯುತ್ತಿದ್ದ ಅಭ್ಯಾಸ ಊರ ಚೌಕದಲ್ಲಿ ತಮಾಷೆಯಾಯಿತು. ಪತ್ರಿಕೆಗಳು ಅದನ್ನು ಅಚ್ಚು ಹಾಕಿದ್ದರ ಉದ್ದೇಶವೂ ಸ್ಪಷ್ಟ: ಇಂಗ್ಲೆಂಡಿನಲ್ಲಿ ಓದುವವರು ಹೆದರಬೇಕು.

ಯುದ್ಧಭೂಮಿಯಲ್ಲಿ ಸತ್ಯ ಬೇರೆಯಿತ್ತು. ಪಳಗಿದ ಸಿಪಾಯಿ ಮಸ್ಕೆಟ್ಟಿನಿಂದ ನಿಮಿಷಕ್ಕೆ ಮೂರು ಈಡು ಹೊಡೆಯಬಲ್ಲ. ರೈಫಲ್ಲಿಗೆ ಅಷ್ಟರಲ್ಲಿ ಒಂದೋ ಎರಡೋ. ರೈಫಲ್ಲಿನ ತುದಿಗೆ ಬಯೊನೆಟ್ ಸಿಕ್ಕಿಸಲು ಆಗುತ್ತಿರಲಿಲ್ಲ. 1776ರಲ್ಲಿ ಲಾಂಗ್ ಐಲ್ಯಾಂಡಿನ ಕಾಳಗದಲ್ಲಿ ರೈಫಲ್ಲಿನವರು ಮರುಮದ್ದು ತುಂಬುವಷ್ಟರಲ್ಲಿ ಬಯೊನೆಟ್ಟುಗಳು ಮೈಮೇಲೆ ಬಂದವು. 1777ರಲ್ಲಿ ಸಾರಟೋಗಾದಲ್ಲಿ ಡೇನಿಯಲ್ ಮಾರ್ಗನ್‌ನ ರೈಫಲ್ ಪಡೆ ಹೆಸರು ಮಾಡಿದ್ದು ಹೌದು. ಆದರೆ ಅವರ ಜೊತೆಗೆ ಮಸ್ಕೆಟ್ಟು ಮತ್ತು ಬಯೊನೆಟ್ ಹಿಡಿದ ಹಗುರ ಪದಾತಿಗಳನ್ನೂ ನಿಲ್ಲಿಸಲಾಗಿತ್ತು. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಎಂಬ ಮರಗಳು ತುಂಬಿದ ಗುಡ್ಡದಲ್ಲಿ ರೈಫಲ್ಲು ನಿಜಕ್ಕೂ ಗೆದ್ದಿತು. ಹೊಡೆಯುವವರಿಗೆ ಅಲ್ಲಿ ಮರದ ಮರೆ ಇತ್ತು. ಸತ್ತ ಬ್ರಿಟಿಷ್ ಸೇನಾನಿ ಪ್ಯಾಟ್ರಿಕ್ ಫರ್ಗುಸನ್ ಹಿಂಬದಿಯಿಂದ ಮದ್ದು ತುಂಬುವ ರೈಫಲ್ಲಿಗೆ ಪೇಟೆಂಟ್ ಪಡೆದವನು. ಅವನ ಕೈಕೆಳಗೆ ಹೋರಾಡಿ ಸತ್ತವರು ರಾಜನಿಗೆ ನಿಷ್ಠರಾಗಿ ಉಳಿದ ಅಮೆರಿಕನ್ನರೇ.

ಈ ಯುದ್ಧ ನಮ್ಮ ನಾಡಿಗೆ ಅಂದುಕೊಂಡಷ್ಟು ದೂರದ್ದಲ್ಲ. ಇದೇ ಪೆನ್ಸಿಲ್ವೇನಿಯಾ ತನ್ನ ವ್ಯಾಪಾರಿ ನಾವೆಗಳ ಕಾವಲಿಗೆ 1782ರಲ್ಲಿ ಒಂದು ಹಡಗನ್ನು ಸಜ್ಜುಗೊಳಿಸಿತು. ಅದರ ಹೆಸರು ‘ಹೈದರ್ ಅಲಿ’. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಮೈಸೂರಿನ ನವಾಬನ ಹೆಸರಿನ ಆ ಹಡಗು ಆ ವರ್ಷದ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಫಿಲಿಪ್ ಫ್ರೆನೋ ಎಂಬ ಕವಿ ಅದರ ಮೇಲೆ ಪದ್ಯ ಬರೆದ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯ ನಾಯಕ ಕಾರ್ನ್‌ವಾಲಿಸ್ಸೇ ಹತ್ತು ವರ್ಷಗಳ ನಂತರ ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪುವನ್ನು ಬಗ್ಗಿಸಿದವನು.

ರೈಫಲ್ಲಿನ ಪುರಾಣ ಪೂರ್ತಿಯಾಗಿ ಕಟ್ಟಿಕೊಂಡದ್ದು ಇನ್ನೊಂದು ಯುದ್ಧದ ನಂತರ. 1815ರ ಜನವರಿ 8ರಂದು ನ್ಯೂ ಓರ್ಲಿಯನ್ಸಿನಲ್ಲಿ ಆಂಡ್ರೂ ಜಾಕ್ಸನ್‌ನ ಪಡೆ ಬ್ರಿಟಿಷರನ್ನು ಸೋಲಿಸಿತು. ಆ ದಿನ ಹೆಚ್ಚಿನ ಹಾನಿ ಮಾಡಿದ್ದು ಫಿರಂಗಿಗಳು ಎಂದು ಚರಿತ್ರಕಾರರು ಹೇಳುತ್ತಾರೆ. ಸಹಾಯಕ್ಕೆ ಬಂದಿದ್ದ ಕೆಂಟಕಿಯವರಲ್ಲಿ ಬಹಳಷ್ಟು ಜನರ ಕೈಯಲ್ಲಿ ಬಂದೂಕೇ ಇರಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಸ್ಯಾಮ್ಯುಯೆಲ್ ವುಡ್‌ವರ್ತ್ ಬರೆದ ‘ದಿ ಹಂಟರ್ಸ್ ಆಫ್ ಕೆಂಟಕಿ’ ಎಂಬ ಹಾಡು ರಂಗಮಂದಿರಗಳಲ್ಲಿ ಜನಪ್ರಿಯವಾಯಿತು, 1828ರ ಚುನಾವಣೆಯಲ್ಲಿ ಜಾಕ್ಸನ್‌ನ ಪ್ರಚಾರಕ್ಕೂ ಬಳಕೆಯಾಯಿತು. ಗೆಲುವು ಕೆಂಟಕಿಯ ಬೇಟೆಗಾರರ ಗುರಿಗೆ ಸಂದಿತು. ಪೆನ್ಸಿಲ್ವೇನಿಯಾದ ಜರ್ಮನ್ ಕಮ್ಮಾರರು ರೂಪಿಸಿದ ಬಂದೂಕಿಗೆ ‘ಕೆಂಟಕಿ ರೈಫಲ್’ ಎಂಬ ಹೆಸರು ಅಂಟಿಕೊಂಡಿತು. ಜಾಕ್ಸನ್ ಅಧ್ಯಕ್ಷನಾದ.

*

ಗುರಿಪಂದ್ಯದ ಗೆರೆಯ ಮೇಲೆ ಯಾರು ನಿಲ್ಲಬಹುದಿತ್ತು ಎಂದು ಕೇಳಿದರೆ ಕಥೆ ಮತ್ತೆ ಬದಲಾಗುತ್ತದೆ. ವರ್ಜೀನಿಯಾದ 1723ರ ಕಾನೂನು ಕರಿಯರು, ಮಿಶ್ರಜನಾಂಗದವರು ಮತ್ತು ಅಲ್ಲಿನ ಮೂಲನಿವಾಸಿಗಳು ಬಂದೂಕು ಇಟ್ಟುಕೊಳ್ಳುವುದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿತ್ತು. ಗಡಿಯ ತೋಟಗಳಲ್ಲಿ ಕಾವಲಿಗೆ ಬೇಕಾದರೆ ಪರವಾನಗಿ ಕೊಡಬಹುದು ಎಂಬುದು ಆ ವಿನಾಯಿತಿಗಳಲ್ಲೊಂದು. ಎಂದರೆ, ಒಡೆಯನಿಗೆ ಭಯವಾದಾಗ ಗುಲಾಮನ ಕೈಗೂ ಬಂದೂಕು ಬರಬಹುದಿತ್ತು. ಜೇಮ್ಸ್ ಫೆನಿಮೋರ್ ಕೂಪರ್‌ನ 1823ರ ಕಾದಂಬರಿ ‘ದಿ ಪಯೊನಿಯರ್ಸ್’ನಲ್ಲಿ ಕ್ರಿಸ್‌ಮಸ್ ದಿನದ ಟರ್ಕಿಕೋಳಿಯ ಗುರಿಪಂದ್ಯವೊಂದು ಬರುತ್ತದೆ. ಓದುಗರಿಗೆ ನೆನಪುಳಿಯುವುದು ಕೋಳಿಯನ್ನು ಹೊಡೆದ ಮುದುಕ ನ್ಯಾಟಿ ಬಂಪೋ. ಆದರೆ ಆ ಕೋಳಿಗಳ ಒಡೆಯ ಏಬ್ರಹಾಂ ಫ್ರೀಬಾರ್ನ್ ಎಂಬ ಸ್ವತಂತ್ರ ಕರಿಯ. ನ್ಯಾಟಿಯ ಬಂದೂಕಿನ ಕಲ್ಲು ಒಮ್ಮೆ ಕಿಡಿ ಕೊಡದೆ ಹುಸಿಹೋದಾಗ, ಹುಸಿಯಾದರೂ ಅದು ಒಂದು ಈಡೇ, ಅದಕ್ಕೂ ದುಡ್ಡಾಯಿತು ಎಂದು ವಾದಿಸುವವನು ಅವನು. ಕೂಪರ್ ಆ ದೃಶ್ಯವನ್ನು ನಗೆಗಾಗಿ ಬರೆದಿದ್ದಾನೆ. ನನಗೆ ಅಲ್ಲಿ ಕಾಣುವುದು, ಪಂದ್ಯವನ್ನು ನಡೆಸುವ, ಅದರ ಲೆಕ್ಕ ಇಡುವ, ಆದರೆ ಗುರಿಕಾರನೆಂದು ಎಂದೂ ನೆನಪಾಗದ ಒಬ್ಬ ಮನುಷ್ಯ.

ಮೂಲನಿವಾಸಿಗಳ ವಿಷಯ ಇನ್ನೂ ತೊಡಕಿನದು. ಡೆಲವೇರ್, ಶಾನಿ ಮುಂತಾದ ಜನ ಹದಿನೆಂಟನೆಯ ಶತಮಾನದ ನಡುವಿನ ಹೊತ್ತಿಗೇ ರೈಫಲ್ಲನ್ನು ತಮ್ಮದಾಗಿಸಿಕೊಂಡಿದ್ದರು. ತೊಗಲಿನ ವ್ಯಾಪಾರ ಅವರ ಬೇಟೆಯ ಮೇಲೆ ನಿಂತಿತ್ತು. ಮರದ ಮರೆಯಿಂದ ಹೊಡೆಯುವ, ಚದುರಿ ಕಾದುವ ಯುದ್ಧಕ್ರಮವನ್ನು ವಲಸಿಗರು ಕಲಿತದ್ದೂ ಬಹುಪಾಲು ಅವರಿಂದಲೇ. ದಂತಕಥೆಯ ಕಾಡುಗುರಿಕಾರ ತೊಟ್ಟ ಜಿಂಕೆತೊಗಲಿನ ಉಡುಗೆ, ಕಾಲಿನ ಮೊಕ್ಯಾಸಿನ್ ಅವರವು. ಆ ಕಥೆಯಲ್ಲಿ ಅವರು ಮಾತ್ರ ಗುರಿಯಾಗಿಯೇ ಬರುತ್ತಾರೆ, ಗುರಿಯಿಡುವವರಾಗಿ ಅಲ್ಲ.

ಯಾರ ಕೈಗೆ ಕೋವಿ ಎಂಬ ಈ ಪ್ರಶ್ನೆ ನಮ್ಮಲ್ಲೂ ಹಳೆಯದೇ. 1857ರ ದಂಗೆಗೆ ಕಿಡಿ ಹೊತ್ತಿಸಿದ ಎನ್‌ಫೀಲ್ಡ್ ಕೂಡ ಬಾಯಿಂದ ತುಂಬುವ ರೈಫಲ್ಲೇ. ತೋಡುಗಳಿರುವ ನಳಿಗೆಯಲ್ಲಿ ಗುಂಡು ಇಳಿಯಲು ಜಿಡ್ಡು ಬೇಕು. ತೋಟೆಗೆ ಸವರಿದ ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಅನುಮಾನವೇ ಹಬ್ಬಿತು. ಕೆಂಟಕಿಯಲ್ಲಿ ಕರಡಿಯ ಕೊಬ್ಬು ಮಾಡುತ್ತಿದ್ದ ಕೆಲಸವೇ ಬಂಗಾಳದಲ್ಲಿ ಧರ್ಮದ ಪ್ರಶ್ನೆಯಾಯಿತು. ದಂಗೆಯ ನಂತರ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಮೆಚ್ಚಿ ಅವರಿಗೆ ಅದರಿಂದ ವಿನಾಯಿತಿ ಕೊಟ್ಟ. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಮುಹೂರ್ತದ ಹೊತ್ತಿಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟದಲ್ಲಿ ಹಬ್ಬವಿದೆ, ಕೋವಿಯನ್ನು ಪೂಜಿಸುವ ಭಕ್ತಿಯಿದೆ. ಅದರ ಹಿಂದೆ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂದು ವಸಾಹತು ಸರ್ಕಾರ ಬರೆದ ಒಂದು ಕಾಗದವೂ ಇದೆ. ಹಬ್ಬದ ಸಂತೋಷವನ್ನು ಆ ಕಾಗದ ಸುಳ್ಳು ಮಾಡುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡುವುದು ಚರಿತ್ರೆ ಓದುವವರ ಕೆಲಸ.

*

ಕೇಪು, ಆಮೇಲೆ ತೋಟಾ ಬಂದೂಕುಗಳು ಬಂದಮೇಲೆ ಬಾಯಿಂದ ತುಂಬುವ ರೈಫಲ್ಲು ಅಟ್ಟ ಸೇರಿತು. ಆದರೆ ಟೆನೆಸ್ಸಿಯ ಬೆಟ್ಟದ ಹಳ್ಳಿಗಳಲ್ಲಿ ದನದ ಪಂದ್ಯ ಇಪ್ಪತ್ತನೆಯ ಶತಮಾನದಲ್ಲೂ ಹಳೆಯ ಬಂದೂಕುಗಳಿಂದಲೇ ನಡೆಯುತ್ತಿತ್ತು. ಮೊದಲ ಮಹಾಯುದ್ಧದ ಪ್ರಸಿದ್ಧ ಯೋಧ ಆಲ್ವಿನ್ ಯಾರ್ಕ್ ಅಂಥ ಪಂದ್ಯಗಳಲ್ಲಿ ಬೆಳೆದವನು. ಮೊದಲಿಗೆ ಧರ್ಮದ ಕಾರಣಕ್ಕೆ ಯುದ್ಧವೇ ಬೇಡವೆಂದವನು. 1931ರಲ್ಲಿ ಓಹಾಯೋದ ಪೋರ್ಟ್ಸ್‌ಮತ್‌ನಲ್ಲಿ ಅಟ್ಟದ ಬಂದೂಕುಗಳನ್ನು ಒರೆಸಿ ತಂದವರ ಒಂದು ಪಂದ್ಯ ನಡೆಯಿತು. 1933ರಲ್ಲಿ ಅವರದೇ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಇಂದು ಅದರ ಕೇಂದ್ರ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ತಾವೇ ಗುಂಡು ಎರಕ ಹೊಯ್ದುಕೊಳ್ಳುವ, ಕಡಿಮೆ ಖರ್ಚಿನ ಆಟವೊಂದು ಮರುಹುಟ್ಟು ಪಡೆದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈಗ ಅಮೆರಿಕದ ಉದ್ದಗಲಕ್ಕೂ ಇಂಥ ಕೂಟಗಳಲ್ಲಿ ಕಾಡುನಡಿಗೆ ಎಂಬ ಪಂದ್ಯವಿರುತ್ತದೆ. ಮರಗಳ ನಡುವಿನ ಕಾಲುದಾರಿಯಲ್ಲಿ ನಡೆಯುತ್ತಾ ಹೋದಂತೆ ಗುರಿಗಳು ಎದುರಾಗುತ್ತವೆ. ಕೊಂಬೆಯಿಂದ ತೂಗುವ ಉಕ್ಕಿನ ಗಂಟೆ, ಪ್ರಾಣಿಯ ಆಕಾರಕ್ಕೆ ಕತ್ತರಿಸಿದ ತಗಡು, ಅಂಚನ್ನು ತೋರಿಸುವಂತೆ ನಿಲ್ಲಿಸಿದ ಇಸ್ಪೀಟು ಎಲೆ, ಇದ್ದಿಲ ತುಂಡು. ಕೊಡಲಿಯ ಬಾಯಿಯ ಎರಡೂ ಬದಿಗೆ ಒಂದೊಂದು ಗುರಿ ಇಟ್ಟಿರುತ್ತಾರೆ. ಗುಂಡು ಸರಿಯಾಗಿ ಅಲಗಿಗೇ ಬಿದ್ದು ಇಬ್ಭಾಗವಾಗಿ ಎರಡನ್ನೂ ಒಡೆಯಬೇಕು. ದೂರ ಎಷ್ಟೆಂದು ಬರೆದಿರುವುದಿಲ್ಲ, ಕಣ್ಣಂದಾಜು. ಇಳಿಜಾರು, ನೆರಳು, ಬಿಸಿಲಿನ ಚುಕ್ಕೆ ಎಲ್ಲವನ್ನೂ ಲೆಕ್ಕ ಹಾಕಬೇಕು. ಗಂಟೆ ಸದ್ದಾಯಿತೆ ಇಲ್ಲವೆ, ಇಷ್ಟೇ ಅಂಕ. ಒಂದು ಈಡು ಹೊಡೆದು ಮತ್ತೆ ತುಂಬಿಕೊಳ್ಳುವ ಆ ನಿಧಾನದಲ್ಲಿ ಜನ ಮಾತಾಡುತ್ತಾರೆ, ಚಕಮಕಿ ಕಲ್ಲು ಸಾಲ ಕೊಡುತ್ತಾರೆ, ಹೊಸಬರಿಗೆ ಹೇಳಿಕೊಡುತ್ತಾರೆ. ವೇಗವಾಗಿ ಹೊಡೆಯುವ ಬಂದೂಕುಗಳು ಅಷ್ಟೊಂದು ದುಃಖ ತಂದಿರುವ ದೇಶದಲ್ಲಿ ನಿಮಿಷಕ್ಕೊಂದು ಈಡಿನ ಈ ಆಟಕ್ಕೆ ಒಂದು ಸೌಮ್ಯತೆ ಇದೆ ಎಂಬುದನ್ನು ಒಪ್ಪಲೇಬೇಕು.

ಆದರೂ ಆ ಕಾಲುದಾರಿಯ ಕಾಡು ಖಾಲಿಯಾದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ನ್ಯೂ ಓರ್ಲಿಯನ್ಸಿನ ಹಾಡಿನ ಅಲೆಯಲ್ಲಿ ಅಧ್ಯಕ್ಷನಾದ ಜಾಕ್ಸನ್‌ನ ಸರ್ಕಾರ 1830ರಲ್ಲಿ ಚಾಕ್ಟಾ ಜನರೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಮಿಸಿಸಿಪ್ಪಿಯ ತಮ್ಮ ನೆಲವನ್ನು ಬಿಟ್ಟುಕೊಟ್ಟು ಅವರು ಪಶ್ಚಿಮಕ್ಕೆ ಹೋಗಬೇಕು. ಆ ಒಪ್ಪಂದದ ಕಲಮುಗಳಲ್ಲಿ ಕಂಬಳಿ, ಕೊಡಲಿ, ನೇಗಿಲು, ನೂಲುವ ರಾಟೆಗಳ ಜೊತೆ ಇನ್ನೊಂದು ಭರವಸೆಯೂ ಇದೆ: ಹೊರಟುಹೋಗುವ ಪ್ರತಿಯ�ೊಬ್ಬ ಚಾಕ್ಟಾ ಯೋಧನಿಗೆ ಒಂದು ರೈಫಲ್, ಗುಂಡು ಎರೆಯುವ ಅಚ್ಚು, ನಳಿಗೆ ಒರೆಸುವ ಸಾಧನ, ಮದ್ದುಗುಂಡು. ನ್ಯೂ ಓರ್ಲಿಯನ್ಸಿನ ಯುದ್ಧದಲ್ಲಿ ಜಾಕ್ಸನ್‌ನ ಕಡೆ ನಿಂತವರಲ್ಲಿ ಚಾಕ್ಟಾಗಳೂ ಇದ್ದರು. ಹಾಡಿನಲ್ಲಿ ಕೆಂಟಕಿಯವರಿಗೆ ಸಿಕ್ಕ ಜಾಗ ಅವರಿಗೆ ಸಿಗಲಿಲ್ಲ.

ಮ್ಯೂಸಿಯಮ್ಮುಗಳಲ್ಲಿ ಹಿತ್ತಾಳೆ ಗೂಡಿನ, ಮೇಪಲ್ ಹಿಡಿಕೆಯ ರೈಫಲ್ಲುಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿರುತ್ತಾರೆ. ಮಾಡಿದ ಕಸುಬುದಾರನ ಹೆಸರು ಕೆಲವೊಮ್ಮೆ ನಳಿಗೆಯ ಮೇಲೇ ಕೆತ್ತಿರುತ್ತದೆ. ಹೊಡೆದವನ ಹೆಸರು ಅಪರೂಪ. ಊರು ಬಿಡುವ ದಿನ ಸರ್ಕಾರದಿಂದ ಅದನ್ನು ಎಣಿಸಿ ಪಡೆದುಕೊಂಡವನ ಹೆಸರನ್ನು ಹುಡುಕಬೇಕೆಂದರೆ ನಾವು ಬಂದೂಕನ್ನು ಅಲ್ಲೇ ಬಿಟ್ಟು ಒಪ್ಪಂದದ ಪಟ್ಟಿಗಳತ್ತ, ವ್ಯಾಪಾರಿಗಳ ಲೆಕ್ಕಪುಸ್ತಕಗಳತ್ತ ಹೋಗಬೇಕು. ಆರನೆಯ ಬಹುಮಾನ ಗೆದ್ದವನು ಕೊಡಲಿ ಹಿಡಿದು ಮರದ ಕಡೆಗೆ ನಡೆಯುತ್ತಿದ್ದನಲ್ಲ, ಅದೇ ರೀತಿಯ ಕೆಲಸ ಅದು. ಹಲಗೆಯ ಮೇಲಿನ ತೂತುಗಳನ್ನು ಎಲ್ಲರೂ ನೋಡಿ ಮನೆಗೆ ಹೋದ ಮೇಲೆ, ಒಳಗೆ ಹೊಕ್ಕು ಕುಳಿತದ್ದನ್ನು ಒಂದೊಂದಾಗಿ ಕೆತ್ತಿ ತೆಗೆಯುವುದು.